ವಾಕಿಂಗ್ ಹೋಗುವವರು, ಕೈತೋಟ ಇಟ್ಟುಕೊಂಡವರು: ಮಾಡಬೇಕಾದ್ದು, ಮಾಡಬಾರದ್ದು

ಮೈಸೂರಿನಲ್ಲಿ ಬೆಳಿಗ್ಗೆ ಎದ್ದು ಕುಕ್ಕರಹಳ್ಳಿ ಕೆರೆ ಸುತ್ತುವವರು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು, ಮನೆಯ ಹಿಂದೆ ಒಂದು ಸೀಬೆ ಮರ, ನಾಲ್ಕು ಕುಂಡ ಇಟ್ಟುಕೊಂಡವರು, ಎಲ್ಲರಿಗೂ ಈ ಸೂಚನೆ. ಜೀವಿಗಳಿಗೂ ನಮಗೂ ಆಗುವ ತೊಂದರೆ ಬಹುಪಾಲು ಎರಡೇ ಕಾರಣಕ್ಕೆ: ಹೆದರಿ ಹೊಡೆಯುತ್ತೇವೆ, ಇಲ್ಲವೇ ಮರುಗಿ ತಿನ್ನಿಸುತ್ತೇವೆ. ಎರಡನ್ನೂ ನಿಲ್ಲಿಸಿ.

ಹಾವು

ಹೊಡೆಯಬೇಡಿ, ಕೋಲಿನಿಂದ ಕೆಣಕಬೇಡಿ, ಫೋಟೊಗೆಂದು ಹತ್ತಿರ ಹೋಗಬೇಡಿ. ಹಿತ್ತಲಲ್ಲಿ ಹಗಲು ಹೊತ್ತು ಸರಸರನೆ ಹರಿದುಹೋಗುವ ಉದ್ದನೆಯ ಹಾವು ಸಾಮಾನ್ಯವಾಗಿ ಕೇರೆ. ಅದಕ್ಕೆ ವಿಷವಿಲ್ಲ, ನಿಮ್ಮ ಮನೆಯ ಇಲಿಯೇ ಅದರ ಊಟ. ಹಾಗೆಂದು ಹಾವು ಗುರುತಿಸುವ ಪಾಂಡಿತ್ಯ ಮೆರೆಯಲು ಹೋಗಬೇಡಿ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ಮುಟ್ಟಿ ಕಚ್ಚಿಸಿಕೊಂಡವರಿದ್ದಾರೆ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಳ್ಳಿ, ದೂರ ನಿಂತು ಅದಕ್ಕೆ ದಾರಿ ಬಿಡಿ. ಕೋಣೆಯೊಳಗೇ ಸೇರಿಕೊಂಡಿದ್ದರೆ ಬಾಗಿಲು ಹಾಕಿ, ಸಂದಿಗೆ ಬಟ್ಟೆ ತುರುಕಿ, ತರಬೇತಿ ಇರುವವರನ್ನು ಕರೆಸಿ.

ಇಟ್ಟಿಗೆ, ತೆಂಗಿನ ಗರಿ, ಒಡೆದ ಕುಂಡಗಳ ರಾಶಿ ತೆಗೆದುಹಾಕಿ. ಮುಸುರೆ ಚೆಲ್ಲಿದಲ್ಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಗಿಡಗಳ ನಡುವೆ ಕಾಲಿಡಬೇಡಿ. ಹೊರಗೆ ಬಿಟ್ಟ ಶೂ ಕೊಡವದೆ ಹಾಕಬೇಡಿ. ಕಟ್ಟುಹಾವು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ. ಫಿನಾಯಿಲು, ಬೆಳ್ಳುಳ್ಳಿ ನೀರು ನಂಬಿ ಕೂರಬೇಡಿ. ಗಿಡಕ್ಕೆ ಕಟ್ಟಿದ ನೈಲಾನ್ ಬಲೆಯನ್ನು ನೆಲದವರೆಗೆ ಇಳಿಬಿಡಬೇಡಿ; ಹಾವು, ಓತಿಕ್ಯಾತ ಅದರಲ್ಲಿ ಸಿಕ್ಕಿ ಸಾಯುತ್ತವೆ. ನಾಗರಪಂಚಮಿಯಂದು ಹಾಲನ್ನು ಕಲ್ಲಿಗೆ ಎರೆಯಿರಿ, ಜೀವಂತ ಹಾವಿಗೆ ಬೇಡ. ಹಾಲು ಅದರ ಆಹಾರವಲ್ಲ.

ಕಚ್ಚಿದರೆ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬೇಡಿ. ಊತ ಬರುವ ಮುಂಚೆ ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ನೋಡಿಕೊಂಡು, ನಡೆಸದೆ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಕೊಂದು ಚೀಲದಲ್ಲಿ ತರುವ ಸಾಹಸ ಬೇಡವೇ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ಒಂದೇ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಖಾಸಗಿ ಆಸ್ಪತ್ರೆಗಳೂ ಇದಕ್ಕೆ ಹೊರತಲ್ಲ.

ಬೆಟ್ಟದ ದಾರಿ

ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಕೊಡಬೇಡಿ. ಹನುಮಂತನ ಸೇವೆ ಎನ್ನುವವರಿಗೆ ಉತ್ತರ ಇಷ್ಟೇ: ಇವತ್ತು ನಿಮ್ಮ ಕೈಯಿಂದ ತಿಂದ ಮಂಗ ನಾಳೆ ಇನ್ಯಾರದೋ ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತದೆ, ಆಮೇಲೆ ಕಲ್ಲೇಟು ತಿನ್ನುವುದೂ ಅದೇ. ಪ್ಲಾಸ್ಟಿಕ್ ಕವರ್ ತೂಗಾಡಿಸಿಕೊಂಡು ಹತ್ತಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ಕಿರಿಯಬೇಡಿ. ಮಂಗ ಅದನ್ನು ಜಗಳಕ್ಕೆ ಕರೆದಂತೆ ತಿಳಿಯುತ್ತದೆ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ರೇಬಿಸ್ ಲಸಿಕೆಗೆ ಹೋಗಿ. ಅರಿಶಿನ ಮೆತ್ತಿ ಸುಮ್ಮನಾಗಬೇಡಿ.

ಬೆಟ್ಟದ ಕಾಡಿನಲ್ಲಿ ಚಿರತೆಗಳಿವೆ. ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಒಬ್ಬರೇ ಹೋಗಬೇಡಿ. ಎದುರಾದರೆ ಓಡಬೇಡಿ, ಬಗ್ಗಬೇಡಿ, ಬೆನ್ನು ತೋರಿಸಬೇಡಿ. ಮಗುವಿದ್ದರೆ ಎತ್ತಿಕೊಂಡು ಮೆಲ್ಲನೆ ಹಿಂದೆ ಸರಿಯಿರಿ.

ಹೆಜ್ಜೇನು ಕಟ್ಟಿದ ಮರದಡಿ ಹೊಗೆ, ಪಟಾಕಿ, ಕಲ್ಲು ಯಾವುದೂ ಕೂಡದು. ಎದ್ದರೆ ಮುಖ ಮುಚ್ಚಿಕೊಂಡು ಓಡಿ, ಕಟ್ಟಡವೋ ಕಾರೋ ಸಿಕ್ಕರೆ ಒಳಹೊಕ್ಕು ಬಾಗಿಲು ಹಾಕಿ. ನೀರಿಗೆ ಹಾರಬೇಡಿ.

ಹಕ್ಕಿಗಳು

ಕೆರೆಗೆ ಬ್ರೆಡ್ಡು, ಪುರಿ ಎಸೆಯಬೇಡಿ. ಉಳಿದದ್ದು ಕೊಳೆತು ನೀರು ಕೆಡುತ್ತದೆ. ಹಕ್ಕಿಗಳಿಗೆ ನಿಮ್ಮ ತಿಂಡಿ ಬೇಕಿಲ್ಲ, ಹೆಜ್ಜಾರ್ಲೆಗೆ ಮೀನು ಹಿಡಿಯಲು ಬರುತ್ತದೆ.

ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿದರೆ ಕುಂಡ ಸರಿಸಬೇಡಿ, ಬುಡಕ್ಕಷ್ಟೇ ನೀರು ಹಾಕಿ, ದಿನಕ್ಕೆ ಹತ್ತು ಸಲ ಇಣುಕಬೇಡಿ. ಮೊಟ್ಟೆಯೊಡೆದ ಮರಿಗಳು ಸುಮಾರು ಎರಡು ವಾರದಲ್ಲಿ ಗೂಡು ಬಿಡುತ್ತವೆ. ರೆಕ್ಕೆ ಬಂದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಅನಾಥವಲ್ಲ, ಹಾರಲು ಕಲಿಯುತ್ತಿದೆ. ಬೆಕ್ಕು ನಾಯಿ ಇದ್ದರೆ ಎತ್ತಿ ಪೊದೆಯ ಮೇಲಿಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಹಾಲು, ಅನ್ನ ತುರುಕಬೇಡಿ. ಗಿಣಿಮರಿ ಸಿಕ್ಕಿತೆಂದು ಪಂಜರಕ್ಕೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಇಲಿಪಾಷಾಣ ಇಡಬೇಡಿ. ವಿಷ ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ. ನಿಮ್ಮ ಬೀದಿಯ ಇಲಿಗಳನ್ನು ಬಿಟ್ಟಿಯಾಗಿ ಹಿಡಿಯುತ್ತಿದ್ದುದು ಆ ಗೂಬೆಯೇ. ತಲೆಗೆ ಕುಕ್ಕಲು ಬರುವ ಕಾಗೆಗೆ ಹತ್ತಿರದ ಮರದಲ್ಲಿ ಗೂಡಿರುತ್ತದೆ, ಕೆಲವು ವಾರ ಕೊಡೆ ಹಿಡಿದು ಹೋಗಿ.

ಹಾವು ಕಚ್ಚಿದರೆ 108ಕ್ಕೆ ಕರೆ ಮಾಡಿ. ಚಿರತೆ ಕಂಡರೆ, ಗಾಯಗೊಂಡ ಕಾಡುಪ್ರಾಣಿ ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಎರಡನ್ನೂ ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.