ಪಾದದ ನೋವಿಗೆ ಯಾವ ವೈದ್ಯರು?

ದಿನವಿಡೀ ಗದ್ದೆ, ಹೊಲಗಳಲ್ಲಿ ದುಡಿಯುವ ರೈತ ಬಾಂಧವರು ಪಾದದ ನೋವನ್ನು ಅಲಕ್ಷಿಸಬಾರದು. ಲಕ್ಷಣ ತಿಳಿದು ತಕ್ಕ ವೈದ್ಯರನ್ನು ಕಾಣಿರಿ.

ಬೆಳಿಗ್ಗೆ ಎದ್ದು ಊರುವ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿ, ನಡೆದಂತೆಲ್ಲ ನೋವು ತಗ್ಗಿದರೆ ಅದು ಬಹುತೇಕ ಅಂಗಾಲಿನ ಪಟ್ಟಿಯ ನೋವು. ಮೂಳೆ ತಜ್ಞರನ್ನು ಅಥವಾ ಫಿಸಿಯೋಥೆರಪಿ ತಜ್ಞರನ್ನು ಕಂಡರೆ ಸಾಕು. ಬಿದ್ದು ಕಾಲೂರಲಾಗದಿದ್ದರೆ ತಿಕ್ಕಿಸದೆ, ಮೊದಲು ಎಕ್ಸ್-ರೇ ತೆಗೆಸಿರಿ. ನಡೆಯುವಾಗ ಮೀನಖಂಡ ಹಿಡಿದು, ನಿಂತೊಡನೆ ಸಡಿಲವಾಗುವುದು ರಕ್ತನಾಳ ಕಟ್ಟಿಕೊಂಡಿರುವ ಸೂಚನೆ. ಬೀಡಿ ಬಿಟ್ಟು, ರಕ್ತನಾಳದ ಶಸ್ತ್ರವೈದ್ಯರಿಗೆ ತೋರಿಸಿರಿ.

ನೋವಿಲ್ಲದ ಗಾಯ ಇವೆಲ್ಲಕ್ಕಿಂತ ಅಪಾಯಕರ. ಪಾದ ಜೋಮು ಹಿಡಿದು, ಮುಳ್ಳು ಚುಚ್ಚಿದರೂ ತಿಳಿಯದಿದ್ದರೆ ಸಕ್ಕರೆ ಕಾಯಿಲೆ ಇಲ್ಲವೆ ಕುಷ್ಠ ಇರಬಹುದು. ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿರಿ. ಕುಷ್ಠದ ಔಷಧಿ ಅಲ್ಲಿ ಉಚಿತ. ತಡಮಾಡಿದರೆ ಪಾದವನ್ನೇ ಕಳೆದುಕೊಳ್ಳಬೇಕಾದೀತು.