ಸಸ್ಪೆಂಡ್ ಆದದ್ದು ಗಾಂಧಾರವೋ, ಮಧ್ಯಮವೋ?

ನಮ್ಮ ಮಕ್ಕಳಲ್ಲಿ ಅನೇಕರು ಪಿಯಾನೋ ಅಥವಾ ಗಿಟಾರ್ ಕ್ಲಾಸಿಗೆ ಹೋಗುತ್ತಾರೆ. ಅವರ ಪುಸ್ತಕದಲ್ಲಿ ‘ಸಿ ಸಸ್ ಫೋರ್’ ಎಂದು ಕಂಡರೆ, ಸರಳೆ ವರಸೆ ಹಾಡಿ ಬೆಳೆದ ನಾವು ‘ಇದು ನಮ್ಮ ವಿಷಯವಲ್ಲ’ ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬೇಕಿಲ್ಲ, ಸ-ರಿ-ಗ-ಮ ಗೊತ್ತಿದ್ದರೆ ಸಾಕು.

‘ಸಿ’ಯನ್ನು ಷಡ್ಜವೆಂದು ಇಟ್ಟುಕೊಳ್ಳಿ. ಅಲ್ಲಿಂದ ಬರೀ ಬಿಳಿ ಕೀಗಳನ್ನು ನುಡಿಸುತ್ತಾ ಹೋದರೆ ಶಂಕರಾಭರಣದ ಸ್ವರಗಳು ಬರುತ್ತವೆ. ಸ-ಗ-ಪ ಮೂರನ್ನೂ ಒಟ್ಟಿಗೆ ಒತ್ತಿದರೆ ಸಿ ಮೇಜರ್ ಕಾರ್ಡ್. ಗಾಂಧಾರವನ್ನು ಮಾತ್ರ ಪಕ್ಕದ ಕರಿ ಕೀಗೆ ಇಳಿಸಿದರೆ ಸಿ ಮೈನರ್. ಅಂದರೆ ಮೇಜರೋ ಮೈನರೋ ಎಂದು ತೀರ್ಮಾನಿಸುವುದು ಗಾಂಧಾರವೊಂದೇ. ಆ ಗಾಂಧಾರವನ್ನು ತೆಗೆದು ಮಧ್ಯಮ ಇಡಿ: ಸ-ಮ-ಪ. ಇದೇ ಸಸ್ ಫೋರ್. ರಿಷಭ ಇಟ್ಟರೆ (ಸ-ರಿ-ಪ) ಸಸ್ ಟೂ. ಎರಡೂ ಮೇಜರಲ್ಲ, ಮೈನರೂ ಅಲ್ಲ.

ಸಸ್ಪೆಂಡ್ ಎಂದ ಕೂಡಲೇ ನಮಗೆ ನೆನಪಾಗುವುದು ಸರ್ಕಾರಿ ಕಚೇರಿ: ಗಾಂಧಾರ ಸಸ್ಪೆಂಡ್ ಆಗಿದೆ, ಮಧ್ಯಮ ಇನ್‌ಚಾರ್ಜ್! ಆದರೆ ಹೆಸರಿನ ಮೂಲ ಬೇರೆ. 16ನೇ ಶತಮಾನದಲ್ಲಿ ಇಟಲಿಯ ಪ್ಯಾಲೆಸ್ಟ್ರೀನಾ ಮೊದಲಾದವರು ಬರೆದ ಚರ್ಚ್ ಸಂಗೀತದಲ್ಲಿ ಹಲವು ಕಂಠಗಳು ಒಟ್ಟಿಗೆ ಸಾಗುತ್ತವೆ. ಈಗಿನ ಕಾರ್ಡುಗಳ ಭಾಷೆಯಲ್ಲಿ ಒಂದು ಉದಾಹರಣೆ ಹೇಳುತ್ತೇನೆ. ಮೊದಲು ಮ-ದ-ಸ ಕೇಳುತ್ತಿದೆ. ಮಿಕ್ಕ ಕಂಠಗಳು ಸ-ಪ ಕಡೆಗೆ ಸರಿದವು, ಮಧ್ಯಮ ಹಿಡಿದ ಕಂಠ ಮಾತ್ರ ಹಿಂದಿನ ಸ್ವರವನ್ನೇ ಬಿಡದೆ ನಿಂತಿತು. ಆಗ ಆದದ್ದು ಸ-ಮ-ಪ. ಆಮೇಲೆ ಅದು ಒಂದು ಮೆಟ್ಟಿಲಿಳಿದು ಗಾಂಧಾರಕ್ಕೆ ಬಂತು. ಹೀಗೆ ಸಸ್ಪೆಂಡ್ ಆದದ್ದು, ಅಂದರೆ ತ್ರಿಶಂಕುವಿನಂತೆ ತೂಗಿ ನಿಂತದ್ದು, ಮಧ್ಯಮ. ಇಷ್ಟು ತಿಳಿದ ಮೇಲೆ ಸಸ್ ಫೋರ್ ಬಾಯಿಪಾಠದ ಸೂತ್ರವಾಗಿ ಉಳಿಯುವುದಿಲ್ಲ.

ಕಿವಿ ಯಾಕೆ ಅಲ್ಲಿ ತಡಬಡಿಸುತ್ತದೆ? ಕಂಪನಗಳ ಲೆಕ್ಕದಲ್ಲಿ ಸ-ಗ-ಪ ಸುಮಾರು 4:5:6. ಸ-ಮ-ಪ ಆದರೋ 6:8:9. ಮ ಮತ್ತು ಪ ತೀರಾ ಅಕ್ಕಪಕ್ಕದ ಸ್ವರಗಳಾದ್ದರಿಂದ ಒಂದಕ್ಕೊಂದು ಉಜ್ಜುತ್ತವೆ. ನಮ್ಮ ತಂಬೂರಿಯಲ್ಲೂ ಪ-ಸ ತಂತಿಗಳಿವೆ, ಗಾಂಧಾರದ ತಂತಿಯಿಲ್ಲ. ಆದರೆ ಅಲ್ಲಿ ಈ ಉಜ್ಜಾಟವಿಲ್ಲ, ಹಾಗಾಗಿ ನೆಮ್ಮದಿ. (ಮಂದ್ರ ಷಡ್ಜದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಕೇಳುವುದು ಬೇರೆಯೇ ಸೊಗಸು.)

ತೂಗಿದ ಸ್ವರ ಇಳಿಯಲೇಬೇಕೆಂಬ ನಿಯಮ ಈಗಿಲ್ಲ. ದಿ ಹೂ ತಂಡದ 1969ರ ‘ಪಿನ್‌ಬಾಲ್ ವಿಜರ್ಡ್’ ಆರಂಭದ ಗಿಟಾರಿನಲ್ಲಿ ಸಸ್ ಫೋರ್ ಇಳಿಯುವುದು ಚೆನ್ನಾಗಿ ಕೇಳುತ್ತದೆ. ಹರ್ಬಿ ಹ್ಯಾನ್‌ಕಾಕ್ 1965ರಲ್ಲಿ ಮಾಡಿದ ‘ಮೇಡನ್ ವಾಯೇಜ್’ನಲ್ಲಿ ಕಾರ್ಡುಗಳು ಇಳಿಯದೆ ತೇಲುತ್ತಲೇ ಇರುತ್ತವೆ. ನನಗೆ ಎರಡನೆಯದೇ ಹೆಚ್ಚು ಇಷ್ಟ, ಆದರೆ ಮಕ್ಕಳಿಗೆ ಮೊದಲು ಕೇಳಿಸಬೇಕಾದದ್ದು ಇಳಿಯುವುದನ್ನೇ.

ಮಗು ಸ-ಮ-ಪ ಒತ್ತಿ ಹಿಡಿದಾಗ ನೀವು ಪಕ್ಕದಲ್ಲಿ ಕೂತು ‘ಮಾ’ ಎಂದು ಹಾಡಿ. ಬೆರಳು ಗಾಂಧಾರಕ್ಕೆ ಬಂದಾಗ ನೀವೂ ‘ಗಾ’ಕ್ಕೆ ಇಳಿಯಿರಿ. ಗಮಕ ಮಾತ್ರ ಹಾಕಬೇಡಿ, ಪಿಯಾನೋ ಜೊತೆಗೆ ಬರುವುದಿಲ್ಲ.