ಶಿಲೆಯಿಂದ ಗಣಕಕ್ಕೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರುಂಟು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದನೆಂದೂ ನಾನಾ ನಾಡುಗಳ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದರೆಂದೂ ಕ್ರಿ.ಶ. 945ರ ಸ್ತಂಭಶಾಸನವು ಸಾರುತ್ತದೆ. ಶಾಲೆ ಅಳಿಯಿತು, ಕಲ್ಲಿನ ಅಕ್ಷರಗಳು ಉಳಿದವು. ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯಲ್ಲಿಯೂ 12ನೆಯ ಶತಮಾನದ ಶಾಸನಗಳಿವೆ. ಸಿಂದಗಿ, ಮುದ್ದೇಬಿಹಾಳಗಳ ಕಡೆಯ ಹಳ್ಳಿಗಳಲ್ಲಿ ಗುಡಿಯ ಅಂಗಳದಲ್ಲಿಯೋ ಊರ ಅಗಸೆಯ ಬಳಿಯಲ್ಲಿಯೋ ವೀರಗಲ್ಲುಗಳು ಕಾಣಸಿಗುತ್ತವೆ.

ಆದರೆ ಕಲ್ಲೂ ಶಾಶ್ವತವಲ್ಲ. ಬಿಸಿಲು ಮಳೆಗಳು ಅದನ್ನು ಸವೆಸುತ್ತವೆ; ಸುಣ್ಣದ ಲೇಪವು ಅಕ್ಷರಗಳನ್ನು ಮುಚ್ಚುತ್ತದೆ. ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಹಿನ್ನೀರಿನಿಂದಾಗಿ ಕೃಷ್ಣಾತೀರದ ಅನೇಕ ಹಳ್ಳಿಗಳು ಮುಳುಗಡೆಯಾದುದನ್ನು ಈ ಭಾಗದ ಜನರು ಮರೆತಿಲ್ಲ. ಆದುದರಿಂದ ಇರುವುದನ್ನು ಇರುವಾಗಲೇ ಚಿತ್ರದಲ್ಲಿ ಹಿಡಿದಿಡುವುದು ವಿವೇಕ. ಈ ಕಾರ್ಯಕ್ಕೆ ಡಿಜಿಟಲ್ ಕ್ಯಾಮೆರಾ ಒಳ್ಳೆಯ ಸಾಧನ. ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಚಿತ್ರ ತೆಗೆದರೆ ಸವೆದ ಅಕ್ಷರಗಳ ಅಂಚಿನಲ್ಲಿ ನೆರಳು ಮೂಡಿ, ಓದು ಸುಲಭವಾಗುತ್ತದೆ.

ಕ್ಯಾಮೆರಾದಲ್ಲಿರುವ ಚಿತ್ರವು ಒಂದು ಚಿಕ್ಕ ಕಾರ್ಡಿನಲ್ಲಿ ಅಡಗಿರುತ್ತದೆ. ಅದನ್ನು ಗಣಕಯಂತ್ರಕ್ಕೆ ದಾಟಿಸಿದಾಗಲೇ ಕೆಲಸವು ಪೂರ್ಣವಾಗುವುದು. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯುಳ್ಳ ಗಣಕದಲ್ಲಿ ಇದು ನಡೆಯುವ ಬಗೆ ಹೀಗೆ: ಯುಎಸ್‌ಬಿ ತಂತಿಯಿಂದ ಎರಡನ್ನೂ ಜೋಡಿಸಿ ಕ್ಯಾಮೆರಾವನ್ನು ಚಾಲನೆಗೊಳಿಸಿದೊಡನೆ, ಕ್ಯಾಮೆರಾವು ತನ್ನ ತಯಾರಕರ ಸಂಖ್ಯೆಯನ್ನೂ ಮಾದರಿಯ ಸಂಖ್ಯೆಯನ್ನೂ ಗಣಕಕ್ಕೆ ತಿಳಿಸುತ್ತದೆ. ಕೆಲವು ಕ್ಯಾಮೆರಾಗಳು ತಮ್ಮ ಕಾರ್ಡನ್ನು ಒಂದು ಡಿಸ್ಕಿನಂತೆ ತೆರೆದಿಡುತ್ತವೆ. ಉಳಿದವು ಗಣಕ ಕೇಳಿದ ಚಿತ್ರವನ್ನು ಒಂದೊಂದಾಗಿ ಒಪ್ಪಿಸುತ್ತವೆ. ಈ ಸಂವಾದದ ನಿಯಮಾವಳಿಗೆ ಪಿಟಿಪಿ ಎಂದು ಹೆಸರು. ಲಿನಕ್ಸಿನಲ್ಲಿ ಈ ಸಂವಾದವನ್ನು ನಡೆಸುವ ತಂತ್ರಾಂಶವೇ ಜಿಫೋಟೊ. ಒಂದೇ ಸಮಯದಲ್ಲಿ ಎರಡು ತಂತ್ರಾಂಶಗಳು ಕ್ಯಾಮೆರಾದೊಡನೆ ಮಾತನಾಡಲಾರವು. ಒಂದು ಅದನ್ನು ಹಿಡಿದುಕೊಂಡಿದ್ದರೆ ಇನ್ನೊಂದು ತನಗೆ ಕ್ಯಾಮೆರಾ ದೊರೆಯದೆಂದು ತಿಳಿಸುತ್ತದೆ. ಆಗ ಮೊದಲನೆಯದನ್ನು ಮುಚ್ಚಿದರಾಯಿತು. ತಂತಿಯೇ ಇಲ್ಲವಾದರೆ ಕಾರ್ಡನ್ನು ಹೊರತೆಗೆದು ಕಾರ್ಡ್ ರೀಡರಿನ ಮೂಲಕವೂ ಚಿತ್ರಗಳನ್ನು ಪಡೆಯಬಹುದು.

ಮೊದಲ ಡಿಜಿಟಲ್ ಕ್ಯಾಮೆರಾಗಳ ಕಾಲದಲ್ಲಿ ಈ ಸೌಕರ್ಯವಿರಲಿಲ್ಲ. ಒಬ್ಬೊಬ್ಬ ತಯಾರಕರ ಕ್ಯಾಮೆರಾಕ್ಕೂ ಒಂದೊಂದು ಗುಟ್ಟಿನ ಭಾಷೆ. ಅದನ್ನು ಬಲ್ಲ ತಂತ್ರಾಂಶವನ್ನು ಲಿನಕ್ಸಿಗಾಗಿ ಅವರು ಸಾಮಾನ್ಯವಾಗಿ ಕೊಡುತ್ತಿರಲಿಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದೇ ಮನೋಧರ್ಮದ ಪ್ರೋಗ್ರಾಮರುಗಳು, ತಂತಿಯಲ್ಲಿ ಹರಿದಾಡುವ ಸಂಕೇತಗಳನ್ನು ತಾಳ್ಮೆಯಿಂದ ಪರಿಶೀಲಿಸಿ, ಅನೇಕ ಕ್ಯಾಮೆರಾಗಳ ಭಾಷೆಯನ್ನು ತಾವೇ ಅರಿತರು. ಅರಿತುದನ್ನು ಬಚ್ಚಿಡದೆ ಎಲ್ಲರಿಗೂ ಹಂಚಿದರು. ಅದರ ಫಲವಾಗಿ ಇಂದು ಜಿಫೋಟೊ ಸಾವಿರಾರು ಮಾದರಿಗಳನ್ನು ಗುರುತಿಸಬಲ್ಲದು. ತಯಾರಕರು ಕೈಬಿಟ್ಟ ಹಳೆಯ ಕ್ಯಾಮೆರಾವೂ ಹಳ್ಳಿಯ ಶಾಲೆಯೊಂದರಲ್ಲಿ ಮತ್ತೆ ಉಪಯೋಗಕ್ಕೆ ಬರುವುದು ಇದರಿಂದ ಸಾಧ್ಯವಾಯಿತು.

ಅರಿವನ್ನು ಗಂಟಿನಿಂದ ಬಿಡಿಸಿ ಎಲ್ಲರ ಮುಂದಿಡುವ ಈ ಕೆಲಸ ವಿಜಯಪುರದ ನೆಲಕ್ಕೆ ಹೊಸದಲ್ಲ. ಇಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮಠಗಳಲ್ಲಿ ಉಳಿದಿದ್ದ ತಾಡೋಲೆಯ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾಯಿತು, 1925ರಲ್ಲಿ ಅವರು ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆ ಒಂದೇ ಪ್ರತಿ. ಅದಕ್ಕೆ ಗೆದ್ದಲು ಹಿಡಿದರೆ ಎಲ್ಲವೂ ನಷ್ಟ. ಅಚ್ಚಾದ ಪುಸ್ತಕವಾದರೋ ಸಾವಿರ ಮನೆಗಳಲ್ಲಿ ಬಾಳುತ್ತದೆ.

ಚಿತ್ರದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಒಂದೇ ಕಾರ್ಡಿನಲ್ಲಿರುವ ಚಿತ್ರವು ಒಂಟಿ ಓಲೆಯಂತೆ. ಆದುದರಿಂದ ಕೆಲವು ಕ್ರಮಗಳನ್ನು ಪಾಲಿಸಬೇಕು. ಚಿತ್ರ ತೆಗೆಯುವ ಮೊದಲು ಕ್ಯಾಮೆರಾದ ಗಡಿಯಾರವನ್ನು ಸರಿಪಡಿಸಬೇಕು. ತಪ್ಪು ದಿನಾಂಕವು ಚಿತ್ರದೊಡನೆಯೇ ಉಳಿದುಬಿಡುತ್ತದೆ. ಗಣಕಕ್ಕೆ ದಾಟಿಸಿದ ಚಿತ್ರಗಳನ್ನು ತೆರೆದು ನೋಡಿ, ಇನ್ನೊಂದು ಡಿಸ್ಕಿನಲ್ಲಿಯೂ ಪ್ರತಿಯನ್ನಿಟ್ಟ ಮೇಲೆಯೇ ಕಾರ್ಡನ್ನು ಅಳಿಸಬೇಕು. ಊರು, ಸ್ಥಳ, ಕಲ್ಲಿನ ಅಳತೆ, ಅದು ನಿಂತಿರುವ ದಿಕ್ಕು ಇವನ್ನು ಸರಳವಾದ ಪಠ್ಯದ ಕಡತದಲ್ಲಿ ಕನ್ನಡದಲ್ಲಿ ಬರೆದಿಡಬೇಕು. ಹೆಸರಿಲ್ಲದ ಚಿತ್ರವು ವಿಳಾಸವಿಲ್ಲದ ಪತ್ರದಂತೆ ವ್ಯರ್ಥ. ಚಿತ್ರಗಳನ್ನು ಜೆಪೆಗ್‌ನಂತಹ ಪ್ರಕಟಿತ ನಿಯಮದ ರೂಪದಲ್ಲಿಯೂ ಉಳಿಸಿದರೆ, ಮುಂದೆ ಬೇರೆ ಯಂತ್ರಗಳು ಬಂದರೂ ಅವುಗಳನ್ನು ತೆರೆಯುವುದು ಕಠಿಣವಾಗದು.

ಸಾಲೋಟಗಿಯ ಶಿಲ್ಪಿ ಅಕ್ಷರಗಳನ್ನು ಕೊರೆದುದು ಕಂಬದ ಮೇಲೆ, ಬಂದವರೆಲ್ಲರೂ ಓದಲೆಂದು. ಅಂತಹ ಬರಹವನ್ನು ಗಣಕದಲ್ಲಿ ಕಾಪಾಡುವವರೂ ಅದನ್ನು ಎಲ್ಲರೂ ತೆರೆದು ಓದುವಂತೆ ಇಡುವುದು ನ್ಯಾಯ.